ನಾಕು ನಿಕ್ಸಿ ಟ್ಯೂಬು, ನೂರೆಂಟು ಸಂಶಯ

ನಾ ಏನರ ಕೊಳ್ಳಾಕ ಹೋದೆ ಅಂದ್ರ ಸೀದಾ ಕೊಂಡು ಬಂದದ್ದಽ ಇಲ್ಲ ನೋಡ್ರಿ, ಏನರ ಒಂದು ಆಗಾಕಽ ಬೇಕು. ತೆಂಗಿನಕಾಯಿ ಮೂರು ಸಲ ಕಿವಿಗೆ ಹಿಡದು ಅಲ್ಲಾಡಸಾಕಿ ನಾ. ಅಂಥಾಕಿಗೆ ನಿಕ್ಸಿ ಟ್ಯೂಬಿನ ಗಡಿಯಾರ ಮಾಡೂ ಹುಚ್ಚು ಹಿಡೀತು.

ನಿಂಬಿಹಣ್ಣಿನಷ್ಟು ಗಾಜಿನ ಬುಡ್ಡಿ ಅದು. ಒಳಗ ತಂತಿಲೆ ಮಾಡಿದ ಸೊನ್ನಿಯಿಂದ ಒಂಬತ್ತರ ತನಕ ಅಂಕಿ ಇರತಾವ. ಕರೆಂಟ್ ಕೊಟ್ರ ನಮಗ ಬೇಕಾದ ಅಂಕಿ ಕೆಂಪಗ ಹೊಳೀತೈತಿ. ಹಿಂದಕ ಎಣಿಕಿ ಮಶೀನಿನ್ಯಾಗ ಹಾಕತಿದ್ರು, ಈಗ ಮಾಡೂದು ಬಿಟ್ಟಾರ. ಕಾಲೇಜಿನ ಫಿಸಿಕ್ಸ್ ಲ್ಯಾಬಿನ್ಯಾಗ ಕೆಲಸ ನಂದು, ಜೋಡಸಾಕ ಬರತೈತಿ. ಹಳೇ ಟ್ಯೂಬು ನಾಕು ಸಿಕ್ಕ್ರ ಸಾಕು. ಮಿಕ್ಸರಿಗಂತ ಎತ್ತಿಟ್ಟಿದ್ದ ಎರಡು ಸಾವಿರ ತಗದೆ.

ನಮ್ಮ ಮನಿಯವರು, "ತಗೋ. ಟ್ಯೂಬು ಹತ್ತಲಿಲ್ಲಂದ್ರ ಮುಂದಿನ ವರ್ಷದ ತನಕ ಒಳ್ಳಾಗ ಚಟ್ನಿ ಕುಟ್ಟಾಕಿ ನೀನಽ" ಅಂದ್ರು.

ಗುಜರಿ ಅಂಗಡಿ

ಸೊಲ್ಲಾಪುರ ರಸ್ತೆದಾಗ ಒಂದು ಗುಜರಿ ಅಂಗಡಿ. ಮಾಲಕ, "ಅಂಥಾ ಬುಡ್ಡಿ ಒಂದು ಬುಟ್ಟಿ ಬಿದ್ದಾವ. ಸುಮ್ನ ಒಯ್ರಿ" ಅಂದ.

ಸುಮ್ನ ಅಂದ ಕೂಡ್ಲೇ ನನ್ನ ತಲ್ಯಾಗ ಸಂಶಯದ ಹುಳಾ ಹೊಕ್ಕಿತು. "ಯಾಕ ಸುಮ್ನ? ಸುಟ್ಟಾವೇನು?" ಅಂದೆ.

ಈಗ ಅಂವಗೂ ಸಂಶಯ ಬಂತು. ಸುಮ್ನ ಕೊಟ್ರೂ ಇಷ್ಟು ಕೇಳಾಕತ್ತಾಳಂದ್ರ ಒಳಗ ಏನೋ ಐತಿ. ಶಟರ್ ಅರ್ಧ ಇಳಿಸಿ, "ಖರೇ ಹೇಳ್ರಿ, ಹಳೇ ರೇಡಿಯೊ-ಟೀವ್ಯಾಗ ಇರತೈತಿ ಅಂತಾರಲ್ಲ, ಆ ಕೆಂಪು ಪಾದರಸ ಇದರಾಗ ಐತಿ ಹೌದಿಲ್ಲೋ? ಲಕ್ಷಗಟ್ಟಲೆ ಕೊಡತಾರಂತ!" ಅಂತ ಪಿಸುಗುಟ್ಟಿದ.

"ಇಲ್ಲರೀ ಯಪ್ಪಾ, ಗಡಿಯಾರ ಮಾಡಾಕ."

"ಗಡಿಯಾರ ಎದುರಿನ ಅಂಗಡ್ಯಾಗ ಸಿಗತಾವ. ನಮಗ ಟೋಪಿ ಹಾಕಬ್ಯಾಡ್ರಿ."

ಬುಟ್ಟಿ ಒಯ್ದು ತಿಜೋರ್ಯಾಗ ಇಟ್ಟು ಕೀಲಿ ಹಾಕಿದ. ಲಕ್ಷ ಕೊಡಾವರ ದಾರಿ ಇನ್ನೂ ಕಾಯಾಕತ್ತಾನ.

ತಿಕೋಟಾದ ವಿಡಿಯೊ ಕಾಲ್

ತಿಕೋಟಾದಾಗ ಮೋಟಾರ್ ರಿವೈಂಡಿಂಗ್ ಮಾಡಾಂವ ಒಬ್ಬಾಂವನ ಕಡೆ ಐದಾರು ಟ್ಯೂಬು ಅದಾವಂತ ಗೊತ್ತಾತು. ಫೋನ್ ಹಚ್ಚಿದೆ. "ಎಲ್ಲಾ ಹತ್ತತಾವ, ಗ್ಯಾರಂಟಿ" ಅಂದ. ಫೋಟೊ ಕಳಿಸಿದ. ಫೋಟೊ ಹಳೇದು ಇರಬಹುದು ಅಂದೆ. ವಿಡಿಯೊ ಕಳಿಸಿದ. ಅದೂ ಹಳೇದು ಇರಬಹುದು ಅಂದೆ. ಪಾಪ, ಕೆಲಸ ಬಿಟ್ಟು ವಿಡಿಯೊ ಕಾಲ್ ಮಾಡಿ, ಟ್ಯೂಬು ಹಚ್ಚಿ ತೋರಿಸಿದ.

"ಬಾಜೂಕ ಇವತ್ತಿನ ಪೇಪರ್ ಹಿಡೀರಿ, ತಾರೀಖು ಕಾಣಲಿ" ಅಂದೆ.

"ಅಕ್ಕಾರ, ನಾ ಟ್ಯೂಬು ಮಾರಾಕತ್ತೇನ್ರಿ. ಯಾರ ಹುಡುಗನ್ನೂ ಕಿಡ್ನ್ಯಾಪ್ ಮಾಡಿಲ್ಲ!" ಅಂತಂದು ಫೋನ್ ಕಟ್ ಮಾಡಿದ.

ಬಬಲೇಶ್ವರದ ಚಾಚಾ

ಕಡೀಕ ಬಬಲೇಶ್ವರದಾಗ ಒಬ್ಬ ಚಾಚಾ ಸಿಕ್ಕ್ರು. ಮಿಲ್ಲಿನ್ಯಾಗ ಮೀಟರ್ ರಿಪೇರಿ ಮಾಡಿ ರಿಟೈರ್ ಆದವರು. ನಾಕು ಟ್ಯೂಬು ಅರಿವ್ಯಾಗ ಸುತ್ತಿ ಇಟ್ಟಿದ್ರು. ಹದಿನೈದು ನೂರು ಅಂದ್ರು. ನಾ ಮನಿಯಿಂದ ಒಯ್ದಿದ್ದ ಕರೆಂಟಿನ ಡಬ್ಬಿ ತಗದು ಒಂದೊಂದಽ ಅಂಕಿ ಹಚ್ಚಿ ನೋಡಕೋತ ಕುಂತೆ. ಐದಕ್ಕ ಬಂದೆ. ಕಣ್ಣು ತಿಕ್ಕೊಂಡು ನೋಡಿದೆ. ಐದಲ್ಲ ಅದು, ತಲಿಕೆಳಗ ಮಾಡಿದ ಎರಡು! ನಾಕರಾಗೂ ಹಂಗಽ.

"ಚಾಚಾ, ಡುಪ್ಲಿಕೇಟ್ ಇವು!"

"ಇಲ್ಲ ಬೇಟಿ, ರಶಿಯಾ ಮಾಲು. ಅವರು ಮಾಡಿದ್ದಽ ಹಂಗ."

"ಯಾಕ, ರಶಿಯಾದವರಿಗೆ ಐದು ಬರಿಯಾಕ ಬರೂದಿಲ್ಲೇನು?" ಅಂತಂದು ಡಬ್ಬಿ ಮುಚ್ಚಿಕೊಂಡು ಬಸ್ ಹತ್ತಿದೆ.

ಮನಿಗೆ ಬಂದು ದೊಡ್ಡ ಕಳ್ಳನ್ನ ಹಿಡದಾಕಿಹಂಗ ಹೇಳಿದೆ. ಮನಿಯವರು ಫೋನಿನ್ಯಾಗ ಹುಡುಕಿ, ನಕ್ಕೋತ ನನ್ನ ಮುಂದ ಹಿಡದ್ರು. ಆ ಜಾತಿ ಟ್ಯೂಬಿನ್ಯಾಗ ಐದು ಇರೂದಽ ಹಂಗಂತ! ಅಸಲಿ ಮಾಲಿಗೆ ಅದಽ ಗುರುತಂತ! ನನಗ ನಾಚಿಕಿಲೆ ಮಾರಿ ಎಲ್ಲಿ ಇಟ್ಕೊಬೇಕು ತಿಳೀಲಿಲ್ಲ. ರಾತ್ರಿಯೆಲ್ಲಾ ಯಾರರ ಒಯ್ದಬಿಟ್ರ ಹೆಂಗ ಅಂತ ನಿದ್ದಿ ಇಲ್ಲ.

ಮುಂಜಾನೆ ಮೊದಲನೇ ಬಸ್ಸಿಗೆ ಹೋದೆ. ಪುಣ್ಯಾಕ್ಕ ಟ್ಯೂಬು ಇದ್ದುವು. ಅವು ಈಗ ನಮ್ಮನ್ಯಾಗ ಛಂದಾಗಿ ಹತ್ತಾಕತ್ತಾವ. ಆದ್ರ ಅವತ್ತು ಚಾಚಾ ನನ್ನ ಅಷ್ಟು ಸುಲಭಕ್ಕ ಬಿಡಲಿಲ್ಲ.

"ತಪ್ಪಾತು ಚಾಚಾ, ಅಸಲಿ ಅದಾವ, ಕೊಡ್ರಿ" ಅಂತ ಐದು ನೂರರ ಮೂರು ನೋಟು ಕೊಟ್ಟೆ.

ಚಾಚಾ ಚಾಳೀಸು ಮೂಗಿನ ಮ್ಯಾಲೆ ಏರಿಸಿಕೊಂಡ್ರು. ಒಂದು ನೋಟು ಬಿಸಲಿಗೆ ಹಿಡದ್ರು. ತಲಿಕೆಳಗ ಮಾಡಿದ್ರು, ಮತ್ತ ಸೀದಾ ಮಾಡಿದ್ರು.

"ಬೇಟಿ, ಇದು ಖರೇನ ಐದೋ, ತಲಿಕೆಳಗಿನ ಎರಡೋ? ಆ ನಿನ್ನ ಡಬ್ಬಿ ತಗಿ. ನೋಟಿಗೂ ಒಂದು ಸಲ ಕರೆಂಟ್ ಕೊಟ್ಟು ನೋಡೂಣು."