ಪೇಪರಿನ ಮೈಲಿಗೆ

ಹೆದರಿಕೆ ನನಗೆ ಪಿತ್ರಾರ್ಜಿತ. ಬೇರೆಯವರಿಗೆ ತಂದೆಯಿಂದ ಹೊಲವೋ ಮನೆಯೋ ಬರುತ್ತದೆ. ನನಗೆ ಬಂದದ್ದು ಒಂದು ಪಂಚಪಾತ್ರೆ ಮತ್ತು ಈ ಪುಕ್ಕಲುತನ. ಬಾಗಿಲಿಗೆ ಚಿಲಕ ಹಾಕಿ ಬಂದು ಮಲಗಿ, ಹಾಕಿದೆನೋ ಇಲ್ಲವೋ ಎಂದು ಮತ್ತೆ ಎದ್ದು ಹೋಗಿ ನೋಡುವ ವಂಶ ನಮ್ಮದು. ಹಾಗಿದ್ದೂ ಹೇಗೋ ಕಾಲ ತಳ್ಳಿಕೊಂಡು ಬಂದಿದ್ದೆ. ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್ ಕೆಲಸ, ಆಗತಾನೆ ಎದ್ದುನಿಲ್ಲುತ್ತಿದ್ದ ರಾಜಾಜಿನಗರದಲ್ಲಿ ಗಾಳಿ ಬೆಳಕಿನ ಮನೆ, ನಾನೂ ನನ್ನಾಕೆ ಜಯಮ್ಮನೂ ಇಬ್ಬರೇ. ಮುಂದೆ ಸೂಪರಿಂಟೆಂಡೆಂಟ್ ಆಗುವ ಸರದಿಯೂ ನನ್ನದೇ. ಇಷ್ಟು ಚೆನ್ನಾಗಿರುವುದೂ ಒಳ್ಳೆಯದಲ್ಲವೇನೋ ಎಂದು ಆಗಾಗ ಒಳಗೊಳಗೇ ಅಳುಕುತ್ತಿದ್ದೆ. ಅಷ್ಟರಲ್ಲಿ ಕನ್ನಡ ನಾಡುಗಳೆಲ್ಲ ಒಂದಾಗುವ ಕಾಲ ಬಂತು.

ತಪ್ಪು ತಿಳಿಯಬೇಡಿ. ನಾನೂ ಕನ್ನಡಿಗನೇ, ಸಭೆಗಳಿಗೆ ಹೋಗಿ ಅಂಗೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿ ಬಂದವನೇ. ನಾಡು ಒಂದಾದರೆ ಕಚೇರಿಗಳೂ ಒಂದಾಗಬೇಕು ಎನ್ನುವುದು ಮಾತ್ರ ಚಪ್ಪಾಳೆ ತಟ್ಟುವಾಗ ಹೊಳೆದಿರಲಿಲ್ಲ. ಅದನ್ನು ಹೊಳೆಯಿಸಿದವನು ರಂಗಸ್ವಾಮಿ. ಕಚೇರಿಯಲ್ಲಿ ನನ್ನ ಪಕ್ಕದ ಮೇಜಿನವನು, ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿನವನು. ಬೊಂಬಾಯಿ ಸೀಮೆಯ ಗುಮಾಸ್ತರು, ಹೈದರಾಬಾದು ಸೀಮೆಯ ಗುಮಾಸ್ತರು, ಮೈಸೂರಿನ ನಾವು, ಎಲ್ಲರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಯಾರು ಹಿರಿಯ ಯಾರು ಕಿರಿಯ ಎಂದು ಹೊಸದಾಗಿ ಗೊತ್ತುಮಾಡುತ್ತಾರಂತೆ. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನು ಅಲ್ಲಿಂದ ಬಂದು ನಮ್ಮ ತಲೆಯ ಮೇಲೆ ಕೂರಬಹುದಂತೆ. ನಮ್ಮಲ್ಲಿ ಕೆಲವರನ್ನು ಎತ್ತಿ ಗುಲ್ಬರ್ಗಕ್ಕೆ ಹಾಕುತ್ತಾರಂತೆ. ರಂಗಸ್ವಾಮಿಯ ಬಾಯಲ್ಲಿ ಈ 'ಅಂತೆ'ಗಳು ಮೆಜೆಸ್ಟಿಕ್ ಬರುವವರೆಗೂ ಮುಗಿಯುತ್ತಿರಲಿಲ್ಲ.

ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು. ಬೆಳಿಗ್ಗೆ ಪೇಪರ್ ಬಿದ್ದ ಸದ್ದಿಗೇ ಎದೆ ಧಸಕ್ಕೆನ್ನುತ್ತಿತ್ತು. ಅದನ್ನು ಮನೆಯಲ್ಲೊಮ್ಮೆ ಓದಿ, ಅದೇ ಪೇಪರನ್ನು ಕ್ಷೌರದಂಗಡಿಯಲ್ಲಿ ಮತ್ತೆ ಓದುತ್ತಿದ್ದೆ, ಅಲ್ಲಿ ಬೇರೆ ಏನಾದರೂ ಅಚ್ಚಾಗಿರುತ್ತದೇನೋ ಎಂಬಂತೆ. ಕಚೇರಿಯಲ್ಲಿ ಬರೆದದ್ದನ್ನೇ ಬರೆಯುತ್ತಿದ್ದೆ. ಬರಬರುತ್ತಾ ಊಟ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ, ಅಂಗಿ ಮೈಮೇಲೆ ಜೋಲಾಡತೊಡಗಿತು. ಡಾಕ್ಟರು ನಾಲಗೆ ನೋಡಿ, ಎದೆ ಬಡಿದು, ಕಾಯಿಲೆ ಏನೂ ಇಲ್ಲ, ಆದರೆ ಹೀಗೇ ಮುಂದುವರಿದರೆ ಬರುತ್ತದೆ ಎಂದರು. ಹೆದರುವವನಿಗೆ ಇಂಥ ಮಾತು ಹೇಳಬಾರದು. ಜೊತೆಗೆ ಬಂದಿದ್ದ ಜಯಮ್ಮನೂ ಅದನ್ನು ಕೇಳಿಸಿಕೊಂಡಳು.

ಮಾರನೆಯ ದಿನ ಅವಳು ಪೇಪರಿನವನಿಗೆ ಇನ್ನು ಬರಬೇಡ ಎಂದು ಹೇಳಿ ಕಳಿಸಿದಳು. ನಮ್ಮ ಮನೆಗಳಲ್ಲಿ ಒಂದು ಪದ್ಧತಿ ನಿಮಗೂ ಗೊತ್ತಿರಬಹುದು. ಸಾವಿನ ಸುದ್ದಿ ಕಿವಿಗೆ ಬಿದ್ದರೆ ಎಷ್ಟು ಹೊತ್ತಾಗಿರಲಿ, ಅದು ಮೈಲಿಗೆ. ತಲೆಯ ಮೇಲೆ ತಣ್ಣೀರು ಸುರಿದುಕೊಂಡೇ ಒಳಗೆ ಬರಬೇಕು. ಜಯಮ್ಮ ಆ ಪದ್ಧತಿಯನ್ನು ರಾಜಕೀಯಕ್ಕೂ ವಿಸ್ತರಿಸಿಬಿಟ್ಟಳು.

"ಸಾವಿನ ಸುದ್ದಿ ಕೇಳಿದೋರ ಥರ ಮುಖ ಮಾಡ್ಕೊಂಡು ಅಡುಗೆಮನೆಗೆ ಬರಬೇಡಿ," ಎಂದಳು. "ಪೇಪರ್ ಓದಿದ್ರೂ ಸ್ನಾನ, ರಂಗಸ್ವಾಮಿ ಹತ್ರ ಆ ಮಾತಾಡಿದ್ರೂ ಸ್ನಾನ. ಆಮೇಲೇ ಊಟ."

ನಾನು ಸರ್ಕಾರಿ ನೌಕರ. ಯಾರು ಆರ್ಡರ್ ಹಾಕಿದರೂ ಪಾಲಿಸುವುದು ಅಭ್ಯಾಸವಾಗಿಹೋಗಿದೆ. ನಮ್ಮ ಬಡಾವಣೆಯ ನಲ್ಲಿಯಲ್ಲಿ ನೀರು ಬರುತ್ತಿದ್ದುದು ಬೆಳಿಗ್ಗೆ ಮಾತ್ರ. ಬಚ್ಚಲಿನ ತೊಟ್ಟಿಯಲ್ಲಿ ತುಂಬಿಟ್ಟದ್ದೇ ದಿನಕ್ಕೆಲ್ಲ. ಸುತ್ತಮುತ್ತ ಖಾಲಿ ಸೈಟುಗಳು, ಮಾಗಡಿ ರಸ್ತೆ ಕಡೆಯಿಂದ ಬೀಸುವ ಗಾಳಿಗೆ ಅಡ್ಡ ಒಂದು ಗೋಡೆಯೂ ಇಲ್ಲ. ಆ ಚಳಿಯಲ್ಲಿ ಸಂಜೆ ಬಂದು ಒಂದು ಚೊಂಬು ತಲೆಯ ಮೇಲೆ ಸುರಿದುಕೊಂಡರೆ ಗುಲ್ಬರ್ಗ ಹಾಗಿರಲಿ, ನನ್ನ ಹೆಸರೇ ಮರೆತುಹೋಗುತ್ತಿತ್ತು. ಹಲ್ಲು ಕಟಕಟಗುಟ್ಟಿಸುತ್ತಾ ತಟ್ಟೆಯ ಮುಂದೆ ಕೂತರೆ ಬಿಸಿ ಸಾರನ್ನ ಅಮೃತದ ಹಾಗೆ ಒಳಗಿಳಿಯುತ್ತಿತ್ತು. ಕೆಲವು ದಿನ ಹೀಗೆ ತೊಯ್ದ ಮೇಲೆ ಬುದ್ಧಿ ಬಂತು. ಬಸ್ಸಿನಲ್ಲಿ ರಂಗಸ್ವಾಮಿಯನ್ನು ಮುಂದೆ ಬಿಟ್ಟು, ಮೊಸರು ಮಾರಿ ಖಾಲಿ ಗಡಿಗೆಯೊಡನೆ ಹಿಂತಿರುಗುವ ಕಾಮಾಕ್ಷಿಪಾಳ್ಯದ ಮುದುಕಿಯೊಬ್ಬಳ ಹಿಂದಿನ ಸೀಟು ಹಿಡಿಯತೊಡಗಿದೆ. ಅವಳ ಮಾತೆಲ್ಲ ಅವಳ ಎಮ್ಮೆಯದು. ಆ ಎಮ್ಮೆಗೆ ಸೀನಿಯಾರಿಟಿಯ ಚಿಂತೆ ಇದ್ದ ಹಾಗೆ ಕಾಣಲಿಲ್ಲ.

ನಿದ್ದೆ ಬರತೊಡಗಿತು. ಅಂಗಿಯೊಳಗೆ ಮತ್ತೆ ಮನುಷ್ಯ ಕಾಣಿಸಿಕೊಂಡ. ಜಯಮ್ಮನೋ, ನಾಡು ಒಂದಾಗುವ ವಿಷಯವನ್ನೇ ಎತ್ತುತ್ತಿರಲಿಲ್ಲ. ಹುಣಸೆಹಣ್ಣಿನ ನಾರು ಬಿಡಿಸುತ್ತಾ, ತುಳಸಿಗೆ ನೀರು ಹಾಕುತ್ತಾ ನಿಶ್ಚಿಂತೆಯಾಗಿ ಓಡಾಡಿಕೊಂಡಿದ್ದಳು. ಇವಳಿಗೇನು, ಹೆಡ್ ಕ್ಲಾರ್ಕಿನ ಕಷ್ಟ ಇವಳಿಗೆ ಹೇಗೆ ಗೊತ್ತಾಗಬೇಕು ಎಂದು ಒಮ್ಮೊಮ್ಮೆ ಅವಳ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಒಂದು ದಿನ ಕಚೇರಿಯಲ್ಲಿ ರಂಗಸ್ವಾಮಿ ನನ್ನ ಮೇಜಿಗೇ ಬಂದು ಬಗ್ಗಿದ. ಬೇಡ ಮಾರಾಯ ಎಂದು ಕೈಯೆತ್ತಿದೆ, ಅವನು ಬಿಡಲಿಲ್ಲ. ಗುಲ್ಬರ್ಗಕ್ಕೆ ಹೋಗುವವರ ಹೆಸರುಗಳು ಸಾಹೇಬರ ಕೋಣೆಗೆ ಬಂದಿವೆಯಂತೆ, ನಾಳೆ ಓದುತ್ತಾರಂತೆ. ಆಮೇಲೆ ದನಿ ತಗ್ಗಿಸಿ ಹೇಳಿದ, "ನಿಮ್ಮ ಹೆಸರಿದೆ ಸಾರ್. ಪ್ಯೂನ್ ನೋಡಿದಾನೆ." ಈ ಸಲ 'ಅಂತೆ' ಇರಲಿಲ್ಲ. ತಲೆನೋವೆಂದು ಅರ್ಧ ದಿನ ರಜಾ ಬರೆದುಕೊಟ್ಟು ಬಸ್ಸು ಹತ್ತಿದೆ. ದಾರಿಯಲ್ಲಿ ಯಾರು ಕೂತಿದ್ದರೋ, ಯಾರು ನಿಂತಿದ್ದರೋ, ಒಂದೂ ನೆನಪಿಲ್ಲ. ಹೇಗೆ ಹೇಳುವುದು ಇವಳಿಗೆ? ಕೆಂಗೇರಿಯಲ್ಲಿ ಅವಳ ತಾಯಿ ಹಾಸಿಗೆ ಹಿಡಿದಿದ್ದರು. ಅವರನ್ನು ಬಿಟ್ಟು ಕಾಣದ ಊರಿಗೆ ಬಾ ಎಂದು ಯಾವ ಬಾಯಲ್ಲಿ ಕರೆಯಲಿ?

ಮನೆಯ ಗೇಟು ತೆಗೆದವನು ಅಲ್ಲೇ ನಿಂತುಬಿಟ್ಟೆ. ಮಟಮಟ ಮಧ್ಯಾಹ್ನ, ಹಗ್ಗದ ಮೇಲೆ ಆಗಷ್ಟೇ ಹಿಂಡಿ ಹಾಕಿದ ಸೀರೆ ತೊಟ್ಟಿಕ್ಕುತ್ತಿತ್ತು. ಜಯಮ್ಮ ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ತುಳಸಿಕಟ್ಟೆಯ ಹತ್ತಿರ ನಿಂತಿದ್ದಳು. ಕಣ್ಣು ಕೆಂಪಾಗಿತ್ತು. ಬೆಳಿಗ್ಗೆ ಸ್ನಾನ ಮಾಡಿದವಳು ಈ ಹೊತ್ತಿನಲ್ಲಿ ಮತ್ತೆ ತಲೆಗೆ ನೀರು ಹಾಕಿಕೊಂಡಿದ್ದಾಳೆ ಎಂದರೆ ನಮ್ಮಲ್ಲಿ ಅದಕ್ಕೆ ಒಂದೇ ಅರ್ಥ. ಗೇಟನ್ನೇ ಹಿಡಿದುಕೊಂಡು, ಕೆಂಗೇರಿಯಿಂದ ಸುದ್ದಿ ಬಂತೇ, ಅಮ್ಮ ಹೋದರೇ ಎಂದು ಕೇಳಿದೆ.

ಅವಳು ತಲೆ ತಗ್ಗಿಸಿದಳು. "ಯಾರೂ ಹೋಗಿಲ್ಲ. ಪೇಪರ್ ಓದಿದೆ."

ನಾನು ಕಚೇರಿಗೆ ಹೊರಟ ಮೇಲೆ ಅವಳು ದಿನಾ ಹಿಂದಿನ ಬೀದಿಯ ಗಂಗವ್ವನ ಮನೆಗೆ ಹೋಗುತ್ತಿದ್ದಳಂತೆ. ಗಂಗವ್ವ ಧಾರವಾಡದ ಕಡೆಯವರು, ಯಜಮಾನರದು ಬಟ್ಟೆ ವ್ಯಾಪಾರ, ಮನೆಗೆ ಪೇಪರ್ ಬರುತ್ತದೆ. ಅಲ್ಲಿ ಒಂದಕ್ಷರ ಬಿಡದೆ ಓದಿ, ಮನೆಗೆ ಬಂದು ತಣ್ಣೀರು ಸುರಿದುಕೊಂಡು, ನಾನು ಬರುವಷ್ಟರಲ್ಲಿ ತಲೆ ಒಣಗಿಸಿಕೊಂಡು ಜಡೆ ಹಾಕಿಕೊಳ್ಳುತ್ತಿದ್ದಳಂತೆ. ನನಗೆ ನಿಯಮ ಮಾಡಿದ ದಿನದಿಂದಲೂ ಇದು ನಡೆದಿತ್ತು. ನಾನು ಊಟ ಮಾಡಿ ನಿದ್ದೆ ಹೋಗಬೇಕಾದರೆ ಮನೆಯಲ್ಲಿ ಯಾರಾದರೂ ಒಬ್ಬರು ಎಚ್ಚರವಾಗಿರಬೇಕಲ್ಲ ಎಂದಳು. ಇದನ್ನೂ ಅವಳು ನನಗೆ ಸಮಾಧಾನ ಹೇಳುವ ದನಿಯಲ್ಲೇ ಹೇಳಿದಳು.

ನಾಳೆಯ ವಿಷಯ ಹೇಳಿದೆ. ಮುಚ್ಚಿಡುವ ಶಕ್ತಿ ನನ್ನಲ್ಲಿರಲಿಲ್ಲ. ಅವಳು ತುಳಸಿಕಟ್ಟೆಯ ಅಂಚಿನಲ್ಲಿ ಮೆಲ್ಲಗೆ ಕೂತಳು. ತಾಯಿಯ ಮಾತು ಎತ್ತಲಿಲ್ಲ, ಅಳಲಿಲ್ಲ. ತಲೆಯ ಟವೆಲು ಬಿಚ್ಚಿ ಹಿಂಡುತ್ತಾ ಕೇಳಿದಳು.

"ಗಂಗವ್ವ ಹೇಳ್ತಿದ್ರು, ಆ ಕಡೆ ಬೇಸಿಗೇಲಿ ಕುಡಿಯೋಕೂ ನೀರಿಗೆ ಕಷ್ಟವಂತೆ. ಅಲ್ಲಿ ಹೆದರಿಕೆ ಆದ್ರೆ ಏನ್ರೀ ಮಾಡೋದು?"

ಧೈರ್ಯದ ಮಾತು ಹೇಳುವುದು ನನಗೆ ಅಭ್ಯಾಸವಿಲ್ಲದ ಕೆಲಸ. ಸ್ನಾನ ಮಾಡಿಬರುತ್ತೇನೆ ಎಂದು ಬಚ್ಚಲಿಗೆ ಹೋದರೆ ತೊಟ್ಟಿಯಲ್ಲಿ ಚೊಂಬು ಮುಳುಗುವಷ್ಟೂ ನೀರಿಲ್ಲ, ತಳ ಕಾಣುತ್ತಿತ್ತು. ಹೊರಗೆ ಬಂದು ಕೈ ಆಡಿಸಿದೆ. ಅವಳು ನನ್ನ ಮುಖ ನೋಡಿದಳು, ಇರಲಿ ಬನ್ನಿ ಎಂದು ಒಳಗೆ ಹೋಗಿ ತಟ್ಟೆ ಹಾಕಿದಳು. ನನ್ನ ಸುದ್ದಿ ಕೇಳಿ ಅವಳಿಗೂ ಮತ್ತೆ ಮೈಲಿಗೆಯಾಗಿತ್ತಲ್ಲ, ಅಂದು ಇಬ್ಬರೂ ಮೈಲಿಗೆಯಲ್ಲೇ ಊಟಕ್ಕೆ ಕೂತೆವು. ಎಲ್ಲಿಂದಲೋ ಯಾರೋ ಬಂದು ನನ್ನ ಮೇಲೆ ಕೂರುತ್ತಾರೆ ಎಂದು ಅಷ್ಟು ದಿನ ನಡುಗಿದ್ದೆ. ಹೆದರುವುದರಲ್ಲಿ ನನಗಿಂತ ಹಿರಿಯರೊಬ್ಬರು ಮನೆಯಲ್ಲೇ ಇದ್ದರು. ಒದ್ದೆ ತಲೆಯಲ್ಲಿ ಕೂತು ನನ್ನ ಅನ್ನಕ್ಕೆ ತುಪ್ಪ ಹಾಕುತ್ತಿದ್ದರು.