ಉಮಾಪತಿಯ ರಿಲೀವರ್

ಉಮಾಪತಿ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದಾಗ ನಲ್ಲಿಯ ನೀರು ನಿಂತಿತು. ನಾಗಪುರದ ಮೇ ತಿಂಗಳು. ನೀರಿಲ್ಲದಿದ್ದರೆ ಕೂಲರ್ ಇಲ್ಲ, ಕೂಲರ್ ಇಲ್ಲದಿದ್ದರೆ ಮನುಷ್ಯ ಹಂಚಿನ ಮೇಲಿನ ರೊಟ್ಟಿ. ಇದು ಮನೆಮಾಲೀಕ ಪಾಂಡುರಂಗರಾಯರದೇ ಕೆಲಸ. ಮಗನಿಗೆ ಜಿಮ್ ಹಾಕಿಕೊಡಲು ಅವರಿಗೆ ಸದರ್ ಬಡಾವಣೆಯ ಈ ಮನೆ ಖಾಲಿ ಬೇಕಿತ್ತು. ಆದರೆ ಕರಾರು ಇನ್ನೂ ಮುಗಿದಿರಲಿಲ್ಲ. ಬಾಣಂತನಕ್ಕೆಂದು ಗದಗಿಗೆ ಹೋಗಿದ್ದ ಹೆಂಡತಿ ಕೂಸಿನೊಂದಿಗೆ ಅದೇ ವಾರ ಬರುವವಳಿದ್ದಳು. ಎಳೆಕೂಸನ್ನು ಕಟ್ಟಿಕೊಂಡು ಬೀದಿಗೆ ಬೀಳಲು ರೈಲ್ವೆ ಗುಮಾಸ್ತ ಉಮಾಪತಿ ತಯಾರಿರಲಿಲ್ಲ.

ಟವೆಲ್ ಸುತ್ತಿಕೊಂಡು ಹೊರಬಂದವನಿಗೆ ಎದುರುಮನೆಯ ಲಕ್ಷ್ಮವ್ವ ಕೇಳದೆಯೇ ಕಾನೂನು ಹೇಳಿದಳು. ನೀರು ಬಂದ್ ಮಾಡುವುದು ಅಪರಾಧ, ಪೊಲೀಸರಿಗೆ ದೂರು ಕೊಡಬೇಕು.

"ಆದ್ರ ಮನಿ ಖಾಲಿ ಬಿಟ್ಟು ಹೋಗಬ್ಯಾಡ್ರಿ. ನೀವು ಆ ಕಡೆ ಹೋದ್ರ ಅಂವ ಈ ಕಡೆ ಕೀಲಿ ಜಡೀತಾನ."

ಉಮಾಪತಿ ಪೇಚಿಗೆ ಸಿಕ್ಕಿದ. ಮನೆ ಉಳಿಯಬೇಕಾದರೆ ದೂರು ಕೊಡಬೇಕು, ದೂರು ಕೊಡಬೇಕಾದರೆ ಮನೆ ಬಿಡಬೇಕು. ಸೋಪು ಮೈಮೇಲೆ ಒಣಗಿ ಬಿರಿಯತೊಡಗಿತು. ಕೊನೆಗೆ ಅವನೊಳಗಿನ ರೈಲ್ವೆಯವನು ಎಚ್ಚೆತ್ತ. ಪಾಳಿ ವಹಿಸಿಕೊಳ್ಳುವ ರಿಲೀವರ್ ಬಾರದೆ ಯಾರೂ ಡ್ಯೂಟಿ ಬಿಡುವಂತಿಲ್ಲ. ವಾರದ ರಜೆಯಲ್ಲಿದ್ದ ಸಹೋದ್ಯೋಗಿ ಗಿರಿಧರನಿಗೆ ಫೋನ್ ಹೋಯಿತು. ಅವನು ಬಂದು ಒಳಗಿನಿಂದ ಚಿಲಕ ಹಾಕಿಕೊಂಡು ಕುಳಿತ. ಉಮಾಪತಿ ಸೋಪಿನ ಮೇಲೆಯೇ ಅಂಗಿ ತೊಟ್ಟು ಠಾಣೆಗೆ ಓಡಿದ. ಬೀಗ ಹಿಡಿದು ಬಂದ ಪಾಂಡುರಂಗರಾಯರು ಕಿಟಕಿಯಲ್ಲಿ ಗಿರಿಧರನ ಮುಖ ಕಂಡು, ಯಾರಿಗೋ ಫೋನ್ ಮಾಡುತ್ತ ಹಿಂದಿರುಗಿದರು.

ಠಾಣೆಯ ಸಾಹೇಬರು ಉಮಾಪತಿಯ ಬಿಳಿ ಪಕಳೆಯೆದ್ದ ಮೈ ನೋಡಿ ಚರ್ಮರೋಗವೆಂದುಕೊಂಡು ದೂರ ಕೂರಿಸಿದರು. ವಿಷಯ ತಿಳಿದ ಮೇಲೆ ರಾಯರನ್ನು ಕರೆಸಿ ಚೆನ್ನಾಗಿ ಝಾಡಿಸಿದರು. ನೀರು ನಿಲ್ಲಿಸುವುದು, ಬೀಗ ಹಾಕುವುದು ನಡೆಯದು, ಮನೆ ಬಿಡಿಸಲೇಬೇಕೆಂದರೆ ಕೋರ್ಟಿಗೆ ಹೋಗಿ ಎಂದರು. ರಾಯರು ಕೈಮುಗಿದು ಒಪ್ಪಿದರು.

ಗೆದ್ದ ಉಮಾಪತಿ ಮನೆಗೆ ಬಂದರೆ ನಲ್ಲಿ ಧೋ ಎಂದು ಸುರಿಯುತ್ತಿತ್ತು. ಅದರ ಕೆಳಗೆ ಗಿರಿಧರನ ಮಕ್ಕಳು ಕುಣಿಯುತ್ತಿದ್ದವು. ಕೂಲರಿನ ಮುಂದೆ ಗಿರಿಧರನ ಹೆಂಡತಿ, ತಾಯಿ ಮತ್ತು ಅತ್ತೆ. ಗಿರಿಧರನ ಮನೆಮಾಲೀಕನೆಂದರೆ ಪಾಂಡುರಂಗರಾಯರ ಭಾವಮೈದುನ, ಅವನಿಗೂ ತನ್ನ ಮನೆ ಖಾಲಿ ಬೇಕಿತ್ತು. ಗಿರಿಧರ ಇಲ್ಲಿದ್ದಾನೆಂದು ರಾಯರ ಫೋನಿನಿಂದ ತಿಳಿದು, ಮನೆಯ ಉಳಿದವರು ದೇವಸ್ಥಾನಕ್ಕೆ ಹೋದದ್ದೇ ತಡ, ಆ ಭಾವಮೈದುನ ಗಿರಿಧರನ ಮನೆಗೆ ಬೀಗ ಜಡಿದಿದ್ದ. ಆ ಕಡೆಯ ಠಾಣೆಯಲ್ಲಿ ನಾಳೆ ಬನ್ನಿ ಎಂದಿದ್ದರು. ತನಗಾಗಿ ಮನೆ ಕಳೆದುಕೊಂಡವನನ್ನು ಹೊರಡು ಎನ್ನಲು ಉಮಾಪತಿಗೆ ಬಾಯಿ ಬರಲಿಲ್ಲ.

ಹೋದೆಯಾ ಪಿಶಾಚಿ ಎಂದರೆ ಬಂದೆ ಗವಾಕ್ಷೀಲಿ ಎಂಬಂತೆ ರಾಯರು ಮತ್ತೆ ಬಂದರು. ಒಳಗಿದ್ದವರದೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು. ಮನೆ ಕೊಟ್ಟದ್ದು ನಿಮ್ಮ ಸಂಸಾರಕ್ಕೆ, ನೀವು ಇನ್ನೊಂದು ಸಂಸಾರಕ್ಕೆ ಒಳಬಾಡಿಗೆ ಕೊಟ್ಟು ಕರಾರು ಮುರಿದಿದ್ದೀರಿ, ಸಾಹೇಬರು ಹೇಳಿದಂತೆ ಇನ್ನು ಕೋರ್ಟಿಗೇ ಹೋಗುತ್ತೇನೆ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿ ಹೊರಟರು.

ಉಮಾಪತಿ ಹೊಸ್ತಿಲ ಮೇಲೆ ಕುಳಿತು ಮೈಮೇಲಿನ ಒಣಸೋಪು ಕೆರೆದುಕೊಳ್ಳತೊಡಗಿದ. ಗಿರಿಧರ ಬಂದು ಅವನ ಹೆಗಲ ಮೇಲೆ ಕೈಯಿಟ್ಟ.

"ಹೆದರಬ್ಯಾಡೋ ಉಮಾಪತಿ. ನೀ ಆರಾಮಾಗಿ ಕೋರ್ಟಿಗೆ ಅಡ್ಡಾಡು. ಮನಿ ನಾವೆಲ್ಲಾ ಕಾಯ್ತೀವಿ."