ಬೀಗರು ತಲೆ ಬಗ್ಗಿಸಬಾರದೆಂದು ಕಟ್ಟಿದ ತಾಡಪತ್ರಿ

ತಾಡಪತ್ರಿ, ಅಂದರೆ ಟಾರ್ಪಾಲಿನ್, ಕಟ್ಟುವುದು ಒಂದು ವಿದ್ಯೆಯೆಂದು ನಾನು ಎಂದೂ ಭಾವಿಸಿರಲಿಲ್ಲ. ನಾಲ್ಕು ಮೂಲೆ, ನಾಲ್ಕು ಹಗ್ಗ; ಇದರಲ್ಲಿ ಕಲಿಯುವುದೇನಿದೆ? ಧಾರವಾಡದಲ್ಲಿ ನಮ್ಮ ಮನೆತನದ ಮದುವೆಗಳಿಗೆ ಹಂದರ ಹಾಕುವಾಗ ಮುಂದೆ ನಿಂತು "ಇನ್ನಷ್ಟು ಜಗ್ಗರಿ" ಎಂದು ಕೂಗುತ್ತಿದ್ದವನು ನಾನೇ. ಆ ಕೂಗಿದ ಅನುಭವವನ್ನು ಕಟ್ಟಿದ ಅನುಭವವೆಂದು ತಿಳಿದು ಪುಣೆಯಲ್ಲಿ ಇಷ್ಟು ವರ್ಷ ನೆಮ್ಮದಿಯಿಂದ ಬದುಕಿದ್ದೆ.

ಆ ನೆಮ್ಮದಿ ಕೆಟ್ಟದ್ದು ಮಗಳು ನಯನಾಳ ಮದುವೆಯ ಮಾತುಕತೆಯಲ್ಲಿ. ಹುಡುಗ ಭೋಸರಿಯ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಹುಡುಗ, ಹುಡುಗಿ ಪರಸ್ಪರ ಒಪ್ಪಿದ್ದರು. ಆದರೆ ಹುಡುಗನ ತಂದೆ, ಬೆಳಗಾವಿ ಕಡೆಯ ದೇಸಾಯರು, ಇನ್ನೂ 'ಹೂಂ' ಅಂದಿರಲಿಲ್ಲ.

"ಮನ್ಯಾಗ ಕೂತು ಉಪ್ಪಿಟ್ಟು ತಿಂದ್ರ ಮಂದಿ ತಿಳಿಯೂದಿಲ್ರೀ. ಒಂದಿನ ಎಲ್ಲೆರ ಹೊರಗ ಕೂಡಿ ಇರೂಣು. ಆಮ್ಯಾಲೆ ಹೇಳ್ತೀನಿ" ಎಂದಿದ್ದರು.

ಪುಣೆಯ ಆಚೆ, ಸಾಸವಡದ ಹತ್ತಿರದ ಗುಡ್ಡದ ಮೇಲೆ ಪರಿಚಿತರೊಬ್ಬರ ಬಯಲು ಜಾಗವಿತ್ತು. ಅಲ್ಲಿ ಒಂದು ರಾತ್ರಿ ತಂಗುವುದೆಂದು ನಿಶ್ಚಯವಾಯಿತು. ಹುಡುಗ ಪಾಳಿ ಮುಗಿಸಿ ಮರುದಿನ ಬರುವವನಿದ್ದ. ಮೇ ತಿಂಗಳ ಕೊನೆ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಮೋಡ. ಸಂಜೆಗೆ ಏನು ಮಾಡಬೇಕೆಂದು ಮೋಡಕ್ಕೇ ಗೊತ್ತಿರದ ಕಾಲ!

ಬೀಗರಿಗಿಂತ ಮೊದಲೇ ನಾವು ಮೂವರು ನಮ್ಮ ಕಾರಿನಲ್ಲಿ ಗುಡ್ಡ ತಲುಪಿದೆವು. ರವಿವಾರ ಬಂದರೆ ಟ್ರೆಕ್ಕಿಂಗ್ ಹೊರಡುವ ನಯನಾ ತಾಡಪತ್ರಿ ಬಿಚ್ಚುತ್ತ ಹೇಳಿದಳು: "ಅಪ್ಪಾ, ಇದನ್ನ ತೆಳಗ ಕಟ್ಟಬೇಕು. ಗಾಳಿ ಬರೂ ಕಡೆ ನೆಲಕ್ಕ ಹಚ್ಚಿ ಇಳಿಜಾರು ಕೊಟ್ರ ನೀರು ಹರದು ಹೋಗ್ತದ."

"ಅಂದ್ರ ಬೀಗರು ಬಗ್ಗಿ ಒಳಗ ಬರಬೇಕೇನು?"

"ಎಲ್ಲಾರೂ ಬಗ್ಗೇ ಬರಬೇಕು."

"ಹೆಣ್ಣು ಕೊಡಾವ್ರು ನಾವು! ಬೀಗರ ತಲಿ ಬಗ್ಗಿಸಿ ಒಳಗ ಕರಕೊಂಡ್ರ ನಾಳೆ ಮಂದಿ ಏನಂದಾರು?"

ಮಂದಿ ಯಾರೂ ಅಲ್ಲಿರಲಿಲ್ಲ. ಎರಡು ಮೇಕೆಗಳಿದ್ದವು.

ದೇಸಾಯರು ಎತ್ತರದ ಆಳು. ಅವರು ರುಮಾಲು ಸುತ್ತುವವರಲ್ಲ. ಆದರೂ ಗೌರವಕ್ಕಾಗಿ ರುಮಾಲಿನ ಜಾಗವನ್ನೂ ಬಿಟ್ಟು, ಕಬ್ಬಿಣದ ಪೈಪುಗಳನ್ನು ನೆಟ್ಟು, ತಾಡಪತ್ರಿಯನ್ನು ಕೇರಂ ಬೋರ್ಡಿನಂತೆ ಸಪಾಟಾಗಿ ಮೇಲೇರಿಸಿದೆ. ದೇಸಾಯರು ಪತ್ನೀಸಮೇತರಾಗಿ ಬಾಡಿಗೆ ಕಾರಿನಲ್ಲಿ ಬಂದಿಳಿದು, ಅದನ್ನು ವಾಪಸು ಕಳಿಸಿ, ತಲೆಯೆತ್ತಿಕೊಂಡೇ ಒಳಗೆ ನಡೆದರು.

"ಭೇಷ್ ರಾಯರ! ಹಂದರದಂಗ ಅದ" ಎಂದರು.

ನಾನು ನಯನಾಳ ಕಡೆ ನೋಡಿದೆ. ಅವಳು ಆಕಾಶದ ಕಡೆ ನೋಡಿದಳು.

ಚಹಾ, ಚುರಮುರಿ ಕೈಗೆ ಬರುವಷ್ಟರಲ್ಲಿ ಗಾಳಿ ಎದ್ದಿತು. ಮೊದಲು ಎದುರಿನ ಪುರಂದರ ಗಡದ ಕಡೆಯಿಂದ ಬೀಸಿತು. ನಾನು ಆ ಕಡೆಯ ಹಗ್ಗ ಬಿಗಿದೆ. ಕೂಡಲೇ ಅದು ದಿಕ್ಕು ಬದಲಿಸಿ ಹಿಂದಿನಿಂದ ಬಂದಿತು! ಅದರ ಹಿಂದೆಯೇ ಮಳೆ. ಇಳಿಜಾರಿಲ್ಲದ ತಾಡಪತ್ರಿ ನೀರನ್ನು ಎಲ್ಲಿಗೂ ಕಳಿಸದೆ, ನಟ್ಟನಡುವೆ ಹೊಟ್ಟೆ ಬಿಟ್ಟುಕೊಂಡು ಕೂತಿತು. ಆ ಹೊಟ್ಟೆಯ ಕೆಳಗೆ ಬೀಗರು.

"ರಾಯರ, ಇದು ಕೆಳಗ ಬರಲಿಕ್ಹತ್ತೇದಲ್ರೀ?"

"ಇಲ್ರೀ, ಅದು ಹಂಗೇ ಇರ್ತದ."

"ಈಗ ನನ್ನ ತಲಿಗೆ ಹತ್ತೇದ, ಅದಕ್ಕ ಕೇಳಿದೆ."

ನನ್ನ ಹೆಂಡತಿ ಸುಮಂಗಲಾ ಪಿಸುಗುಟ್ಟಿದಳು: "ರೀ, ಏನೂ ಮಾಡಬ್ಯಾಡ್ರಿ. ನೀವು ಏನೂ ಮಾಡದಿದ್ರ ಸಾಕು."

ಅಂಥ ಸಂದರ್ಭದಲ್ಲಿ ಮನೆಯ ಯಜಮಾನನಾದವನು ಸುಮ್ಮನಿರಲು ಸಾಧ್ಯವೇ? ಛತ್ರಿಯ ತುದಿಯಿಂದ ಆ ಹೊಟ್ಟೆಯನ್ನು ಮೇಲಕ್ಕೆ ನೂಕಿದೆ. ನೀರು ಬೀಗರನ್ನು ಬಿಟ್ಟು ವಿಧೇಯತೆಯಿಂದ ಪಕ್ಕಕ್ಕೆ ಸರಿದು ಅಂಚಿನಿಂದ ಕೆಳಗೆ ಸುರಿಯಿತು. ಪಕ್ಕದಲ್ಲಿ ಬೀಗಿತ್ತಿ ಕೂತಿದ್ದರು!

ಅವರ ತಾಟಿನಲ್ಲಿ ಚುರಮುರಿ ತೇಲುತ್ತಿರುವುದನ್ನು ನಾನು ನೋಡುತ್ತಿದ್ದಂತೆ ಫಳ್ಳನೆ ಮಿಂಚಿತು. ಗುಡುಗು ಅದರ ಬೆನ್ನಿಗೇ ಬಂತು; ಕಾಲಡಿಯ ನೆಲವೇ ನಡುಗಿತು. ಒಂದು ಪೈಪು ಕಿತ್ತು ಬಂತು. ಅದನ್ನು ಎರಡೂ ಕೈಯಿಂದ ಅಪ್ಪಿ ಹಿಡಿದೆ. ಹಿಡಿದ ಮೇಲೆ ಹೊಳೆಯಿತು: ಈ ಬೋಳು ಗುಡ್ಡದ ಮೇಲೆ ಎಲ್ಲಕ್ಕಿಂತ ಎತ್ತರದ ವಸ್ತು ಈ ಪೈಪು. ಅಷ್ಟು ಎತ್ತರ ಮಾಡಿದವನು ನಾನು!

ಬೆರಳುಗಳನ್ನು ಬಿಡಿಸಬೇಕೆಂದರೆ ಅವು ನನ್ನವೇ ಅಲ್ಲವೇನೋ ಎಂಬಂತೆ ಸೆಟೆದುಕೊಂಡವು.

"ಅಪ್ಪಾ, ಪೈಪ ಬಿಡು!" ನಯನಾ ಚೀರಿದಳು.

"ಬಿಟ್ರ ಬೀಗರ ಮ್ಯಾಲೆ ಬೀಳ್ತದ!"

"ಹಿಡಕೊಂಡ್ರ ನಿಮ್ಮ ಮ್ಯಾಲೆ ಸಿಡ್ಲು ಬೀಳ್ತದ! ಬಿಡ್ರೀ ಅದನ್ನ!" ಸುಮಂಗಲಾಳ ದನಿಯಲ್ಲಿ ಅಳು ಇತ್ತು.

ನಯನಾ ಬಂದು ನನ್ನನ್ನು ಭುಜದಿಂದ ನೂಕಿದಳು. ಪೈಪು ಒಂದು ಕಡೆ, ನಾನು ಒಂದು ಕಡೆ. "ಮಾಮಾ, ಮಾಮಿ, ಬಗ್ಗಿ ಕಾರಿಗೆ ಓಡ್ರಿ! ಅಮ್ಮಾ, ನಡಿ!" ಎಂದು ಕೂಗಿದಳು. ದೇಸಾಯರು ನಡು ಮುರಿಯುವಷ್ಟು ಬಗ್ಗಿ ಓಡಿದರು. ನಾನು ಅವರಿಗಿಂತ ಮೊದಲೇ ಕಾರಿನಲ್ಲಿದ್ದೆ. ತಾಡಪತ್ರಿ ಹಗ್ಗ ಹರಿದುಕೊಂಡು, ಪಂಢರಪುರಕ್ಕೆ ಹೊರಡುವ ಈ ವರ್ಷದ ಪಾಲಕಿಗಿಂತ ಮೊದಲೇ ಸಾಸವಡದ ಕಡೆ ಪ್ರಯಾಣ ಬೆಳೆಸಿತು.

ಗಾಜು ಮಬ್ಬಾದ ಕಾರಿನಲ್ಲಿ ಐದು ಜನ ಒದ್ದೆಯಾಗಿ ಕೂತೆವು. ದೇಸಾಯರು ಅಂಗಿಯ ತುದಿ ಹಿಂಡುತ್ತಿದ್ದರು. ಮಳೆ ಸಣ್ಣದಾದ ಮೇಲೆ ನಯನಾ ಗಾಡಿ ಓಡಿಸಿದಳು. ಪುಣೆಯಲ್ಲಿ ಬೀಗರನ್ನು ಅವರ ಮಗನ ಮನೆಗೆ ಇಳಿಸುವ ತನಕವೂ ಒಂದು ಮಾತಿಲ್ಲ. ಸಿಡಿಲು ಹೊಡೆದರೆ ನಾನೊಬ್ಬನೇ ಹೋಗುತ್ತಿದ್ದೆ. ಈ ಮೌನ ಹೊಡೆದರೆ ಮಗಳ ಸಂಬಂಧವೇ ಹೋಗುತ್ತದೆ! ಮನೆಗೆ ಬಂದವಳೇ ನಯನಾ ಕೋಣೆಯ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಫೋನು ಬಂತು. ದೇಸಾಯರದೇ.

"ನೀ ತಗೋ" ಎಂದೆ.

"ಸಿಡ್ಲಾಗ ಪೈಪ ಹಿಡಿಯೂ ಗಂಡಸ್ರಿಗೆ ಫೋನ ಹಿಡೀಲಿಕ್ಕೆ ಆಗೂದಿಲ್ಲೇನು?" ಎಂದಳು ಸುಮಂಗಲಾ.

ಹಿಡಿದೆ.

"ರಾಯರ, ನಮ್ಮ ಕಡಿಂದ ಹೂಂ ಅಂತ ತಿಳ್ಕೋರಿ" ಎಂದರು ದೇಸಾಯರು. "ಹುಡುಗಿ ಭಾಳ ಚಲೋ ಇದ್ದಾಳ. ಅಕಿ ಇರಲಿಲ್ಲಂದ್ರ ನಿನ್ನೆ ನಮ್ಮ ಗತಿ ಏನಿತ್ರಿ! ಖರೇ ಹೇಳ್ಬೇಕಂದ್ರ, ನಮಗ ಒಂದೇ ಸಂಶಯ ಇತ್ತು."

"ಏನ್ರೀ ಅದು?"

"ಹುಡುಗಿ ಸ್ವಭಾವದಾಗ ತಂದಿ ಮ್ಯಾಲೆ ಹೋಗ್ಯಾಳೋ ಏನೋ ಅಂತ. ಅದೂ ಪರಿಹಾರ ಆತು ನೋಡ್ರಿ."

ಮಗಳ ಹಿತಕ್ಕಾಗಿ ತಂದೆಯಾದವನು ಎಂಥ ತ್ಯಾಗಕ್ಕೂ ಸಿದ್ಧನಿರಬೇಕು. ನಾನು ಕುರ್ಚಿಯಿಂದ ಎದ್ದು ನಿಂತು, ಸುಮಂಗಲಾಳಿಗೂ ಕೇಳಿಸುವಂತೆ, ಪ್ರಮಾಣ ಮಾಡಿ ಹೇಳುವವನ ಗಾಂಭೀರ್ಯದಿಂದ ನುಡಿದೆ:

"ಇಲ್ರೀ ದೇಸಾಯರ, ಅಕಿ ಪೂರಾ ತಾಯಿ ಮ್ಯಾಲೇ ಹೋಗ್ಯಾಳ್ರಿ!"